ಮದ್ದು ಬಿಡದ ಸಾಲು

ಪುತ್ತೂರು, ಸುಳ್ಯ, ಕಡಬ ಸೀಮೆಯ ಅಡಿಕೆ ತೋಟಗಳಿಗೆ ಮಳೆಗಾಲವೆಂದರೆ ಸಮೃದ್ಧಿಯ ಕಾಲವೂ ಹೌದು, ಭಯದ ಕಾಲವೂ ಹೌದು. ಆಟಿ ತಿಂಗಳ ಬಿಡದ ಮಳೆಯಲ್ಲಿ ಕೊಳೆರೋಗ ಕಾಲಿಟ್ಟಿತೆಂದರೆ ಎಳೆಯ ಕಾಯಿಗಳು ಕೊಳೆತು ಮರದ ಬುಡಕ್ಕೆ ಉದುರುತ್ತವೆ. ವರುಷದ ಅನ್ನ ಕೆಲವೇ ವಾರಗಳಲ್ಲಿ ಮಣ್ಣುಪಾಲಾಗುತ್ತದೆ. ಆದುದರಿಂದ ಮುಂಗಾರು ಬಲಿಯುವ ಮುನ್ನವೇ ಮೈಲುತುತ್ತನ್ನೂ ಸುಣ್ಣವನ್ನೂ ನೀರಿನಲ್ಲಿ ಬೆರೆಸಿ ಗೊನೆಗಳಿಗೆ ಸಿಂಪಡಿಸುತ್ತಾರೆ. ಇದಕ್ಕೆ ಇಲ್ಲಿಯ ಜನ ಹೇಳುವ ಮಾತು ‘ಮದ್ದು ಬಿಡುವುದು’. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಬೋರ್ಡೋ ದ್ರಾವಣದ ಲೆಕ್ಕ ತೋಟದ ಮನೆಯ ಮಕ್ಕಳಿಗೂ ಬಾಯಿಪಾಠ.

ಈ ಮದ್ದಿನ ಮೇಲೆ ಇಷ್ಟು ನಂಬಿಕೆ ಹೇಗೆ ಬಂದಿತು? 1882ರಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಮಿಯಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರಾಧ್ಯಾಪಕರು ಒಂದು ಸೋಜಿಗವನ್ನು ಕಂಡರು. ಬೂಷ್ಟು ರೋಗ ತಗಲಿ ತೋಟವೆಲ್ಲ ಬೋಳಾಗಿತ್ತು; ದಾರಿಯ ಅಂಚಿನ ಸಾಲುಗಳು ಮಾತ್ರ ಹಸಿರಾಗಿದ್ದವು. ವಿಚಾರಿಸಲಾಗಿ, ದಾರಿಹೋಕರು ಹಣ್ಣು ಕದಿಯದಿರಲೆಂದು ಆ ಸಾಲುಗಳಿಗೆ ಮೈಲುತುತ್ತು, ಸುಣ್ಣಗಳನ್ನು ಬಳಿದಿದ್ದರೆಂದು ತಿಳಿಯಿತು. ಪ್ರಾಧ್ಯಾಪಕರು ಅಷ್ಟರಿಂದಲೇ ತೃಪ್ತರಾಗಲಿಲ್ಲ. ಮತ್ತೆ ಪರೀಕ್ಷಿಸಿ, 1885ರಲ್ಲಿ ಫಲವನ್ನು ಪ್ರಕಟಿಸಿದರು. ಮುಂದೆ ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಕೊಳೆರೋಗವನ್ನು ಶೋಧಿಸಿ, ಅದೇ ದ್ರಾವಣವನ್ನು ಅಡಿಕೆಗೆ ಬಳಕೆಗೆ ತಂದರು.

ಇಲ್ಲಿ ವಾಚಕರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಮದ್ದು ಬಿದ್ದ ಸಾಲು ಹಸಿರಾಗಿತ್ತೆಂಬುದೊಂದೇ ಏನನ್ನೂ ಸಾಧಿಸದು. ಪಕ್ಕದಲ್ಲೇ ಮದ್ದು ಬೀಳದ ಸಾಲು ಬೋಳಾಗಿ ನಿಂತಿತ್ತಷ್ಟೆ. ನಿಜವಾಗಿ ಸಾಕ್ಷಿ ನುಡಿದದ್ದು ಅದು.

2020ರ ಮಾರ್ಚಿಯಲ್ಲಿ ಕೊರೋನಾ ಮಹಾಮಾರಿ ದೇಶವನ್ನು ಮನೆಯೊಳಗೆ ಕೂಡಿಹಾಕಿದಾಗ, ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಉದ್ದ ಹೆಸರಿನ ಗುಳಿಗೆ ಎಲ್ಲರ ಬಾಯಿಯಲ್ಲಿ ಓಡಾಡತೊಡಗಿತು. ಮಲೇರಿಯ ಕಂಡುಂಡ ದಕ್ಷಿಣ ಕನ್ನಡಕ್ಕೆ ಕ್ಲೋರೋಕ್ವಿನ್ ಹಳೆಯ ಪರಿಚಯ. ಇದು ಅದರ ತಂಗಿ. ಪ್ರಯೋಗಶಾಲೆಯ ಗಾಜಿನ ಬಟ್ಟಲಲ್ಲಿ ಇದು ವೈರಾಣುವನ್ನು ತಡೆಯಿತೆಂಬ ವರದಿ ಬಂದಿತ್ತು. ಫ್ರಾನ್ಸಿನ ಮಾರ್ಸೇಲ್ ನಗರದ ವೈದ್ಯರು ತಮ್ಮ ರೋಗಿಗಳಲ್ಲಿ ಗುಣ ಕಂಡಿತೆಂದರು. ಅಮೆರಿಕದ ಅಧ್ಯಕ್ಷರು ಅದನ್ನು ಮನಸಾರೆ ಹೊಗಳಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ರೋಗಿಗಳ ಶುಶ್ರೂಷೆಯಲ್ಲಿರುವವರು ಮುನ್ನೆಚ್ಚರಿಕೆಯಾಗಿ ಇದನ್ನು ಸೇವಿಸಬಹುದೆಂದು ಸೂಚಿಸಿತು.

ಸೂಚನೆ ಇದ್ದುದು ಆಸ್ಪತ್ರೆಯವರಿಗೆ ಮತ್ತು ಸೋಂಕಿತರ ಮನೆಯವರಿಗೆ. ಔಷಧದ ಅಂಗಡಿಗೆ ಧಾವಿಸಿದವರಲ್ಲಿ ಮಿಕ್ಕವರೂ ಇದ್ದರು. ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರಕಾರ ಮಾರ್ಚ್ 26ರಂದು ಕಟ್ಟಳೆಯನ್ನು ಬಿಗಿಗೊಳಿಸಬೇಕಾಯಿತು. ಈ ನೂಕುನುಗ್ಗಲಿನ ಬಿಸಿ ತಟ್ಟಿದ್ದು ಯಾರಿಗೆ? ಸಂಧಿವಾತ, ಲೂಪಸ್ ಮುಂತಾದ ದೀರ್ಘರೋಗಗಳಿಗಾಗಿ ಅದೇ ಗುಳಿಗೆಯನ್ನು ದಿನವೂ ನುಂಗಿ ಬದುಕುತ್ತಿದ್ದವರಿಗೆ. ಅವರಿಗೆ ಅದು ಸಿದ್ಧವಾದ ಔಷಧ, ಇತರರಿಗೆ ಬರಿಯ ಆಸೆ. ಆಸೆಯು ಅಗತ್ಯವನ್ನು ಅಂಗಡಿಯ ಸಾಲಿನಿಂದ ಹೊರದೂಡಿತು.

“ಬೇರೇನೂ ಇಲ್ಲದಿರುವಾಗ ಇದ್ದುದನ್ನು ಕೊಟ್ಟರೆ ನಷ್ಟವೇನು?” ಎಂಬುದು ಒಂದು ಪಕ್ಷದ ವಾದ. ಇದು ಮೂರ್ಖರ ವಾದವಲ್ಲ. ಕಣ್ಣೆದುರಿನಲ್ಲಿ ತಾಯಿಯೋ ತಂದೆಯೋ ಉಸಿರಿಗಾಗಿ ಚಡಪಡಿಸುತ್ತಿರುವಾಗ ಯಾರ ಬಾಯಿಯಲ್ಲಾದರೂ ಬರುವ ಮಾತು. ಆದರೆ ಕೊರೋನಾ ತಗಲಿದವರಲ್ಲಿ ಬಹುಮಂದಿ ಯಾವ ಮದ್ದೂ ಇಲ್ಲದೆ ಚೇತರಿಸಿಕೊಂಡರು. ಅವರು ಗುಳಿಗೆ ನುಂಗಿದ್ದರೆ ಗುಳಿಗೆಗೆ ಕೀರ್ತಿ, ಕಷಾಯ ಕುಡಿದಿದ್ದರೆ ಕಷಾಯಕ್ಕೆ ಕೀರ್ತಿ! ಮಾರ್ಸೇಲಿನ ಲೆಕ್ಕವನ್ನೇ ನೋಡಿ. ಮದ್ದು ಸೇವಿಸಿದ 26 ಮಂದಿಯಲ್ಲಿ 6 ಮಂದಿಯನ್ನು ಫಲಿತಾಂಶದಿಂದ ಕೈಬಿಟ್ಟಿದ್ದರು. ಆ ಆರರಲ್ಲಿ ಮೂವರು ತೀವ್ರ ನಿಗಾ ಘಟಕ ಸೇರಿದ್ದರು, ಒಬ್ಬರು ತೀರಿಕೊಂಡಿದ್ದರು. ಕೊಳೆತ ಗೊನೆಗಳನ್ನು ಬದಿಗಿಟ್ಟು ಫಸಲು ಎಣಿಸಿದಂತಾಯಿತು. ಆ ಲೇಖನವನ್ನು 2024ರ ಡಿಸೆಂಬರಿನಲ್ಲಿ ಪತ್ರಿಕೆಯೇ ಹಿಂತೆಗೆದುಕೊಂಡಿತು.

ವಿರೋಧಪಕ್ಷದವರೂ ಎಡವದೆ ಇರಲಿಲ್ಲ. ಈ ಗುಳಿಗೆ ಹೃದಯದ ಬಡಿತವನ್ನು ಏರುಪೇರು ಮಾಡಿ ಸಾವನ್ನೇ ಹೆಚ್ಚಿಸುತ್ತದೆಂದು, ಸುಮಾರು 96 ಸಾವಿರ ರೋಗಿಗಳ ದಾಖಲೆಯ ಹೆಸರಿನಲ್ಲಿ, 2020ರ ಮೇ ತಿಂಗಳಲ್ಲಿ ಪ್ರಸಿದ್ಧ ‘ಲ್ಯಾನ್ಸೆಟ್’ ಪತ್ರಿಕೆ ಲೇಖನ ಪ್ರಕಟಿಸಿತು. ಆ ದಾಖಲೆಗಳನ್ನು ತೋರಿಸಿರೆಂದಾಗ ಒದಗಿಸಿದ ಸಂಸ್ಥೆ ತೋರಿಸಲಿಲ್ಲ. ಜೂನ್ 4ರಂದು ಆ ಲೇಖನವೂ ವಾಪಸಾಯಿತು. ತಮಗೆ ಒಪ್ಪುವ ಫಲಿತಾಂಶವೆಂದು ಪರೀಕ್ಷಿಸದೆ ನಂಬುವ ಚಪಲ ಯಾವುದೊಂದು ಪಕ್ಷದ ಸೊತ್ತಲ್ಲ.

ಹಾಗಾದರೆ ವ್ಯಾಜ್ಯ ತೀರಿದುದೆಂತು? ಅದೇ ಮದ್ದು ಬಿಡದ ಸಾಲಿನಿಂದ. ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ‘ರಿಕವರಿ’ ಎಂಬ ಪರೀಕ್ಷೆ ನಡೆಯಿತು. ಆಸ್ಪತ್ರೆ ಸೇರಿದ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ವಿಂಗಡಿಸಿ, 1561 ಮಂದಿಗೆ ಈ ಗುಳಿಗೆಯನ್ನು ಕೊಟ್ಟರು. 3155 ಮಂದಿಗೆ ಎಂದಿನ ಚಿಕಿತ್ಸೆ ಮಾತ್ರ. 28 ದಿನಗಳಲ್ಲಿ ಗುಳಿಗೆಯ ಗುಂಪಿನಲ್ಲಿ ತೀರಿಕೊಂಡವರು ಶೇಕಡ 27. ಗುಳಿಗೆಯಿಲ್ಲದವರಲ್ಲಿ ಶೇಕಡ 25. ಎರಡು ಸಾಲೂ ಹೆಚ್ಚುಕಡಿಮೆ ಒಂದೇ! ಮದ್ದಿನಿಂದ ಪ್ರಯೋಜನವಿಲ್ಲವೆಂಬುದು ಸ್ಪಷ್ಟವಾಯಿತು. ಭಾರತವು ತನ್ನ ಚಿಕಿತ್ಸಾ ಸೂಚಿಯಿಂದ ಇದನ್ನು ಕೈಬಿಟ್ಟುದು 2021ರ ಸೆಪ್ಟೆಂಬರಿನಲ್ಲಿ.

ಆದರೆ ಪರೀಕ್ಷೆಯ ಕೆಲಸ ‘ಇಲ್ಲ’ ಎನ್ನುವುದಷ್ಟೇ ಅಲ್ಲ. ಅದೇ ‘ರಿಕವರಿ’ಯು 2020ರ ಜೂನ್ 16ರಂದು ಇನ್ನೊಂದು ಸುದ್ದಿ ಕೊಟ್ಟಿತು: ಡೆಕ್ಸಾಮೆಥಸೋನ್ ಎಂಬ ಅಗ್ಗದ ಹಳೆಯ ಔಷಧವು, ಉಸಿರಾಟದ ಯಂತ್ರಕ್ಕೆ ಒಳಗಾದ ರೋಗಿಗಳ ಸಾವನ್ನು ಸುಮಾರು ಮೂರರಲ್ಲೊಂದು ಪಾಲು ತಗ್ಗಿಸುತ್ತದೆ! ಆ ಔಷಧದ ಪರವಾಗಿ ಬೀದಿಯಲ್ಲಿ ಯಾರೂ ಗದ್ದಲವೆಬ್ಬಿಸಿರಲಿಲ್ಲ. ನಮ್ಮವರೂ ಇಂಥ ಪರೀಕ್ಷೆಗೆ ಹಿಂದೆಗೆದಿಲ್ಲ. ಗುಣಹೊಂದಿದವರ ರಕ್ತದ ಪ್ಲಾಸ್ಮಾದ ಮೇಲೆ ದೇಶವೇ ಭರವಸೆಯಿಟ್ಟಿದ್ದಾಗ, ನಮ್ಮ ಸಂಶೋಧನಾ ಮಂಡಳಿಯು 39 ಆಸ್ಪತ್ರೆಗಳ 464 ರೋಗಿಗಳಲ್ಲಿ ಅದನ್ನು ಒರೆಗೆ ಹಚ್ಚಿ, ಸಾವು ಅದರಿಂದ ತಗ್ಗದೆಂದು 2020ರಲ್ಲೇ ಸಾರಿತು.

“ಜನ ಸಾಯುತ್ತಿರುವಾಗ ಪರೀಕ್ಷೆಯೆಂದು ಕಾಯುವುದು ನಿರ್ದಯವಲ್ಲವೇ?” ಎಂದು ಕೇಳಬಹುದು. ಆದರೆ ‘ರಿಕವರಿ’ ಆರಂಭವಾಗಿ ಮೂರು ತಿಂಗಳು ತುಂಬುವ ಮೊದಲೇ ಈ ಎರಡೂ ಉತ್ತರಗಳು ದೊರೆತವು. ಎಲ್ಲರಿಗೂ ಮದ್ದು ಕೊಟ್ಟಿದ್ದರೆ ಮೂರು ವರುಷ ಕಳೆದರೂ ಉತ್ತರ ಸಿಗುತ್ತಿರಲಿಲ್ಲ. ಪರೀಕ್ಷಿಸುವುದು ದಯೆಗೆ ವಿರೋಧವಲ್ಲ. ದಯೆಯ ದಾರಿಗೆ ಹಿಡಿದ ದೀವಿಗೆ.

ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡು ಕಡೆಯ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ಅದನ್ನು ವಾಸಿಮಾಡುವ ಮದ್ದು ಇನ್ನೂ ದೊರೆತಿಲ್ಲ. ಇಂಥ ಹೊತ್ತಿನಲ್ಲಿ ಮದ್ದಿದೆಯೆನ್ನುವವನ ಮಾತು ಎಷ್ಟು ಇಂಪಾಗಿ ಕೇಳಿಸುತ್ತದೆಂಬುದನ್ನು ಅಲ್ಲಿಯ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತೋಟಕ್ಕಾಗಲಿ, ಮನೆಯ ಹಿರಿಯರಿಗಾಗಲಿ, ನಾಳೆ ಬರಬಹುದಾದ ಇನ್ನೊಂದು ಮಹಾಮಾರಿಗಾಗಲಿ, ಯಾರಾದರೂ ಹೊಸ ಮದ್ದನ್ನು ಹೊಗಳುತ್ತ ಬಂದರೆ ಅವರನ್ನು ಹಳಿಯಬೇಕಾಗಿಲ್ಲ, ಕೂಡಲೇ ನಂಬಬೇಕಾಗಿಯೂ ಇಲ್ಲ. ಕುಳ್ಳಿರಿಸಿ, ಬೆಲ್ಲ ನೀರು ಕೊಟ್ಟು, ಸಮಾಧಾನದಿಂದ ಒಂದೇ ಒಂದು ಪ್ರಶ್ನೆ ಕೇಳಿದರಾಯಿತು: “ಸ್ವಾಮೀ, ಮದ್ದು ಬಿಡದ ಸಾಲು ಎಲ್ಲಿದೆ? ಅದನ್ನೂ ಒಮ್ಮೆ ತೋರಿಸಿ.”