ಕ್ಷುದ್ರಗ್ರಹಗಳ ಗಣಿಗಾರಿಕೆ ಮತ್ತು ಎರೆಮಣ್ಣಿನ ನೀರು

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ಭಾಗದ ಎರೆ ಹೊಲಗಳನ್ನು ಬೇಸಿಗೆಯಲ್ಲಿ ನೋಡಿದವರಿಗೆ ಅಲ್ಲಿಯ ಬಿರುಕುಗಳ ಪರಿಚಯವಿರುತ್ತದೆ. ಕೈ ಇಳಿಸಿದರೆ ಮೊಣಕೈವರೆಗೂ ಹೋಗುವಷ್ಟು ಆಳ. ಅದೇ ನೆಲ ಮಳೆ ಬಿದ್ದೊಡನೆ ಉಬ್ಬಿ, ಕಾಲಿಗೆ ಮೆತ್ತಿಕೊಳ್ಳುವ ರಾಡಿಯಾಗುತ್ತದೆ. ಹಿಂಗಾರಿನ ಕಡಲೆ, ಬಿಳಿಜೋಳ ಮಳೆ ನಿಂತ ಮೇಲೂ ಬೆಳೆಯುವುದು ಈ ಮಣ್ಣು ಹಿಡಿದಿಟ್ಟ ತೇವದಿಂದ. ಇದಕ್ಕೆ ಕಾರಣ ಸ್ಮೆಕ್ಟೈಟ್ ಗುಂಪಿನ ಜೇಡಿ ಖನಿಜಗಳು, ಮುಖ್ಯವಾಗಿ ಮಾಂಟ್‌ಮೊರಿಲೊನೈಟ್. ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದಿರುವ ಇದರ ಪದರಗಳ ನಡುವೆ ನೀರಿನ ಅಣುಗಳು ನುಗ್ಗುತ್ತವೆ, ಪದರಗಳು ದೂರ ಸರಿಯುತ್ತವೆ, ಮಣ್ಣು ಉಬ್ಬುತ್ತದೆ.

ಇದೇ ಗುಂಪಿನ ಇನ್ನೊಂದು ಖನಿಜ ಸ್ಯಾಪೊನೈಟ್. ಜಪಾನಿನ ಹಯಾಬುಸಾ-2 ನೌಕೆ 2020ರ ಡಿಸೆಂಬರಿನಲ್ಲಿ ರ್ಯುಗು ಎಂಬ ಕ್ಷುದ್ರಗ್ರಹದಿಂದ 5.4 ಗ್ರಾಂ ಮಾದರಿ ತಂದಿತು. ಅಮೆರಿಕದ ಒಸೈರಿಸ್-ರೆಕ್ಸ್ ನೌಕೆ 2023ರ ಸೆಪ್ಟೆಂಬರಿನಲ್ಲಿ ಬೆನ್ನು ಎಂಬ ಕ್ಷುದ್ರಗ್ರಹದಿಂದ 121.6 ಗ್ರಾಂ ತಂದಿತು. (ಇದು ನಮ್ಮ ಬೆನ್ನಲ್ಲ, ಪ್ರಾಚೀನ ಈಜಿಪ್ಟಿನ ಪುರಾಣದ ಒಂದು ಹಕ್ಕಿಯ ಹೆಸರು.) ಎರಡರಲ್ಲೂ ಸರ್ಪೆಂಟೈನ್ ಮತ್ತು ಸ್ಯಾಪೊನೈಟ್ ಹೇರಳವಾಗಿವೆ. ಎಂದರೆ, ನರಗುಂದದ ಹೊಲದ ಜೇಡಿಗೆ ಆಕಾಶದಲ್ಲೂ ನೆಂಟರಿದ್ದಾರೆ. ಕ್ಷುದ್ರಗ್ರಹಗಳ ಗಣಿಗಾರಿಕೆಗೆ ಭವಿಷ್ಯವೇನಾದರೂ ಇದ್ದರೆ ಅದು ಈ ಜೇಡಿಯಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಪತ್ರಿಕೆಗಳಲ್ಲಿ ಬರುವ ಸುದ್ದಿ ಬೇರೆ ರೀತಿಯದು. ಕ್ಷುದ್ರಗ್ರಹವೊಂದರಲ್ಲಿ ಇಷ್ಟು ಲಕ್ಷ ಕೋಟಿ ಡಾಲರಿನ ಪ್ಲಾಟಿನಂ, ಚಿನ್ನ ಇದೆ ಎಂಬ ಲೆಕ್ಕ ಮೇಲಿಂದ ಮೇಲೆ ಕಾಣುತ್ತದೆ. ಇಂಥ ಲೆಕ್ಕವನ್ನು ವಿದ್ಯಾರ್ಥಿಗಳು ಅನುಮಾನದಿಂದ ನೋಡಬೇಕು. ಕೋಲಾರದ ಗಣಿ 2001ರಲ್ಲಿ ಮುಚ್ಚಿದಾಗ ಚಿನ್ನ ಪೂರ್ತಿ ಮುಗಿದಿರಲಿಲ್ಲ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಗಣಿಯಲ್ಲಿ ಚಿನ್ನ ತೆಗೆಯುವ ಖರ್ಚು ಅದರ ಬೆಲೆಯನ್ನು ಮೀರಿತ್ತು. ಲೋಹ ಇರುವುದು ಬೇರೆ, ಅದು ಅದಿರಾಗುವುದು ಬೇರೆ. ಬೆನ್ನುವಿನ ಯೋಜನೆಗೆ ತಗುಲಿದ್ದು ನೂರು ಕೋಟಿ ಡಾಲರಿಗೂ ಹೆಚ್ಚು. ಗ್ರಾಮಿಗೆ 80 ಲಕ್ಷ ಡಾಲರಿನ ಮೇಲಾಯಿತು, ಚಿನ್ನದ ಹತ್ತಾರು ಸಾವಿರ ಪಟ್ಟು. ಅದು ವಿಜ್ಞಾನಕ್ಕಾಗಿ ಮಾಡಿದ ಖರ್ಚು, ವ್ಯಾಪಾರಕ್ಕಲ್ಲ ಎಂಬುದು ನಿಜ. ಆದರೂ ಅಂತರ ಎಷ್ಟೆಂದು ತಿಳಿಯಲು ಈ ಸಂಖ್ಯೆ ಸಾಕು.

ಹಾಗಾದರೆ ನೀರು ಏಕೆ? ರೋಣ, ನರಗುಂದದ ಎಷ್ಟೋ ಊರುಗಳಲ್ಲಿ ಅಂತರ್ಜಲ ಸವಳು. ಹಿಂದಿನಿಂದಲೂ ಕುಡಿಯಲು ಕೆರೆಯ ನೀರೇ ಆಧಾರ. ಒಂದು ಕೊಡ ನೀರಿನ ಬೆಲೆ ಅದನ್ನು ಎಲ್ಲಿಂದ ಹೊತ್ತು ತರಬೇಕು ಎಂಬುದರ ಮೇಲಿದೆ ಎಂದು ಅಲ್ಲಿಯವರಿಗೆ ಹೇಳಿಕೊಡಬೇಕಿಲ್ಲ. ಅಂತರಿಕ್ಷದಲ್ಲಿ ಈ ಹೊರೆ ವಿಪರೀತ. ನಮ್ಮ ಎಲ್‌ವಿಎಂ-3 ರಾಕೆಟ್ಟಿನ ಉಡಾವಣಾ ತೂಕ 640 ಟನ್. ಭೂಮಿಯ ಸಮೀಪದ ಕಕ್ಷೆಗೆ ಅದು ಒಯ್ಯಬಲ್ಲದ್ದು ಸುಮಾರು 8 ಟನ್. ಒಂದು ಲೀಟರ್ ನೀರಿಗೆ 80 ಕಿಲೋಗ್ರಾಂ ರಾಕೆಟ್!

ಇಲ್ಲಿ ಒಂದು ಸ್ವಾರಸ್ಯವಿದೆ. ಭೂಮಿಯ ವಿಮೋಚನಾ ವೇಗ ಸೆಕೆಂಡಿಗೆ 11.2 ಕಿಲೋಮೀಟರ್. ಒಂದು ಕಿಲೋಗ್ರಾಂ ವಸ್ತುವಿಗೆ ಆ ವೇಗ ಕೊಡಲು ಬೇಕಾದ ಚಲನಶಕ್ತಿಯನ್ನು ನೀವೇ ಲೆಕ್ಕ ಹಾಕಿ: ಸುಮಾರು 6.3 ಕೋಟಿ ಜೂಲ್, ಅಂದರೆ 17 ಯೂನಿಟ್ ವಿದ್ಯುತ್ತು. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವಲ್ಲ, ಅಂಥ 2 ಮೆಗಾವಾಟಿನ ಒಂದು ಯಂತ್ರ ಪೂರ್ಣ ಸಾಮರ್ಥ್ಯದಲ್ಲಿ ತಿರುಗಿದರೆ ಇಷ್ಟನ್ನು ಅರ್ಧ ನಿಮಿಷದಲ್ಲಿ ಕೊಡುತ್ತದೆ. ಶಕ್ತಿ ಅಗ್ಗ, ತುಟ್ಟಿಯಾದದ್ದು ಅದನ್ನು ವಸ್ತುವಿಗೆ ಮುಟ್ಟಿಸುವ ವಿಧಾನ. ರಾಕೆಟ್ ತನ್ನ ಇಂಧನವನ್ನು ತಾನೇ ಹೊರಬೇಕು, ಆ ಇಂಧನವನ್ನು ಎತ್ತಲು ಮತ್ತಷ್ಟು ಇಂಧನ. ಬೇಕಾದ ವೇಗ ಸಮನಾಗಿ ಏರಿದಂತೆ ರಾಕೆಟ್ಟಿನ ದ್ರವ್ಯರಾಶಿ ಘಾತೀಯವಾಗಿ ಏರುತ್ತದೆ.

ಬೆನ್ನುವಿನ ವಿಮೋಚನಾ ವೇಗವಾದರೋ ಸೆಕೆಂಡಿಗೆ 20 ಸೆಂಟಿಮೀಟರಿನಷ್ಟು. ಅಲ್ಲಿಂದ ಹೊರಟ ಮೇಲೆ ಕಕ್ಷೆ ಬದಲಿಸುವ ಕೆಲಸ ಬಾಕಿ ಇರುತ್ತದೆ, ನಿಜ; ಆದರೂ ಭೂಮಿಯ ನೆಲದಿಂದ ಮೇಲೇಳುವ ಹೊರೆ ತಪ್ಪುತ್ತದೆ. ಆ ನೀರನ್ನು ಅಲ್ಲಿಯೇ ಸೌರವಿದ್ಯುತ್ತಿನಿಂದ ವಿಭಜಿಸಿದರೆ ಜಲಜನಕ, ಆಮ್ಲಜನಕ ಸಿಗುತ್ತವೆ. ಇವೆರಡೂ ರಾಕೆಟ್ಟಿಗೆ ಉತ್ತಮ ನೋದಕಗಳು. ಕಿಲೋಗ್ರಾಂ ನೀರಿಗೆ ಸಿದ್ಧಾಂತದಂತೆ 4.4 ಯೂನಿಟ್ ಸಾಕು, ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು. ನೀರನ್ನು ವಿಕಿರಣ ತಡೆಯುವ ಗೋಡೆಯಾಗಿಯೂ ಬಳಸಬಹುದು.

ತೊಡಕಿರುವುದು ಜೇಡಿಯೊಳಗೆ. ಪದರಗಳ ನಡುವಿನ ಸಡಿಲ ನೀರು ಸ್ವಲ್ಪ ಬಿಸಿಗೇ ಹೊರಬರುತ್ತದೆ. ಇನ್ನೊಂದು ಭಾಗ ಹೈಡ್ರಾಕ್ಸಿಲ್ ರೂಪದಲ್ಲಿ ಸ್ಫಟಿಕದ ರಚನೆಯಲ್ಲೇ ಸೇರಿಹೋಗಿರುತ್ತದೆ. ಅದನ್ನು ಬಿಡಿಸಲು 500 ಡಿಗ್ರಿ ಸೆಲ್ಸಿಯಸ್ಸಿಗೂ ಹೆಚ್ಚು ಬಿಸಿ ಬೇಕಾಗುತ್ತದೆ. ಭೂಮಿಗೆ ಬಿದ್ದ ಇಂಗಾಲಯುಕ್ತ ಉಲ್ಕಾಶಿಲೆಗಳಲ್ಲಿ ಕೆಲವದರಲ್ಲಿ ನೀರಿನ ಪ್ರಮಾಣ ತೂಕದ ಶೇಕಡಾ 10ನ್ನೂ ಮೀರಿ ಕಂಡಿತ್ತು. ಆದರೆ ರ್ಯುಗುವಿನ ಮಾದರಿಯನ್ನು ಗಾಳಿ ಸೋಕದಂತೆ ತಂದು ನೋಡಿದಾಗ ಪದರಗಳ ನಡುವಿನ ನೀರು ತೀರ ಕಡಮೆ ಇತ್ತು. ಉಲ್ಕಾಶಿಲೆಗಳು ನಮ್ಮ ಗಾಳಿಯ ತೇವವನ್ನೇ ಹೀರಿಕೊಂಡಿದ್ದವು, ಎರೆಮಣ್ಣಿನ ಹಾಗೆ! ಗಣಿ ಕಂಪನಿಗಳ ಅಂದಾಜನ್ನು ಈ 5.4 ಗ್ರಾಂ ತಿದ್ದಿಬಿಟ್ಟಿತೆನ್ನಬೇಕು.

ಅಗೆಯುವ ಕೆಲಸವೂ ಸುಲಭವಲ್ಲ. ಎತ್ತು ನೇಗಿಲು ಎಳೆಯುವುದು ಅದರ ಭಾರ ನೆಲವನ್ನು ಒತ್ತುವುದರಿಂದ. 500 ಕಿಲೋಗ್ರಾಮಿನ ಎತ್ತು ಬೆನ್ನುವಿನ ಮೇಲೆ ನಿಂತರೆ ನಮ್ಮ ತಕ್ಕಡಿಯ ಲೆಕ್ಕದಲ್ಲಿ ಅದರ ಭಾರ ಸುಮಾರು 4 ಗ್ರಾಂ. ಒಮ್ಮೆ ಗೊರಸು ಊರಿದರೆ ಹಾರಿಯೇ ಹೋದೀತು. 2020ರ ಅಕ್ಟೋಬರಿನಲ್ಲಿ ಒಸೈರಿಸ್-ರೆಕ್ಸ್‌ನ ತೋಳು ಬೆನ್ನುವನ್ನು ಮುಟ್ಟಿದಾಗ ನೆಲ ತಡೆಯಲೇ ಇಲ್ಲ. ತೋಳು ಸುಮಾರು ಅರ್ಧ ಮೀಟರ್ ಹೂತುಹೋಯಿತು. ಹಿಮ್ಮುಖ ರಾಕೆಟ್ಟುಗಳು ಉರಿಯದಿದ್ದರೆ ಇನ್ನೂ ಒಳಗಿಳಿಯುತ್ತಿತ್ತು.

ಹಣಕಾಸಿನ ಕಥೆ ಚಿಕ್ಕದು. 2012ರಲ್ಲಿ ಸದ್ದು ಮಾಡಿದ ಪ್ಲಾನೆಟರಿ ರಿಸೋರ್ಸಸ್ ಕಂಪನಿ 2018ರಲ್ಲಿ ಬೇರೆಯವರ ಪಾಲಾಯಿತು. 2025ರಲ್ಲಿ ಆಸ್ಟ್ರೋಫೋರ್ಜ್ ಕಳುಹಿಸಿದ ಓಡಿನ್ ನೌಕೆ ಸಂಪರ್ಕ ಕಳೆದುಕೊಂಡಿತು. ಇಂಧನ ಕೊಳ್ಳುವ ಗಿರಾಕಿಗಳು ಅಂತರಿಕ್ಷದಲ್ಲಿ ಇನ್ನೂ ಹುಟ್ಟಬೇಕಷ್ಟೇ. ಮರುಬಳಕೆಯ ರಾಕೆಟ್ಟುಗಳಿಂದ ಉಡಾವಣೆ ಅಗ್ಗವಾದಷ್ಟೂ ಭೂಮಿಯ ನೀರೇ ಪೈಪೋಟಿಗೆ ನಿಲ್ಲುತ್ತದೆ. ಚಂದ್ರನ ಧ್ರುವದ ಹಿಮವೂ ಇದೆ. ಆದ್ದರಿಂದ ಮುಂದಿನ ಹತ್ತು ವರ್ಷಗಳಲ್ಲಿ ಲಾಭದ ಗಣಿಯನ್ನು ನಾನು ನಿರೀಕ್ಷಿಸುವುದಿಲ್ಲ. ಬೆನ್ನುವಿಗೆ ಹೋಗಿ ಬರಲು ಏಳು ವರ್ಷ ಹಿಡಿಯಿತೆಂಬುದನ್ನು ಸಾಲ ಕೊಡುವ ಬ್ಯಾಂಕು ಮರೆಯಲಾರದು. ಆದರೆ ಕಾಯಿಸುವ, ಆವಿ ಹಿಡಿಯುವ, ತೂಕವಿಲ್ಲದೆ ಅಗೆಯುವ ತಂತ್ರಗಳನ್ನು ಭೂಮಿಯ ಮೇಲೆಯೇ ಅಭ್ಯಾಸ ಮಾಡಬಹುದು.

ಶಾಲೆಯಲ್ಲೂ ಇದರ ಆರಂಭ ಸಾಧ್ಯ. ಹೊಲದ ಎರೆಮಣ್ಣನ್ನು ಎರಡು ಅಡಿ ಆಳದಿಂದ ತನ್ನಿ. ಮೇಲ್ಮಣ್ಣಿನಲ್ಲಿ ಸಾವಯವ ಅಂಶ ಹೆಚ್ಚು, ಅದು ಉರಿದೂ ನೀರು ಬರುತ್ತದೆ. ಪುಡಿ ಮಾಡಿ ನಾಲ್ಕು ದಿನ ಬಿಸಿಲಿಗೆ ಒಣಗಿಸಿ, ತೂಗಿ, ಗಟ್ಟಿ ಗಾಜಿನ ಪ್ರನಾಳಕ್ಕೆ ಹಾಕಿ. ಪ್ರನಾಳದ ಬಾಯಿ ತುಸು ಕೆಳಮುಖವಾಗಿರುವಂತೆ ಹಿಡಿದು, ಶಿಕ್ಷಕರ ಎದುರಿನಲ್ಲೇ ಬುಡವನ್ನು ಕಾಯಿಸಿ. ತಣ್ಣಗಿರುವ ಬಾಯಿಯ ಬಳಿ ಹನಿಗಳು ಮೂಡುತ್ತವೆ. ಆರಿದ ಮೇಲೆ ಮಣ್ಣನ್ನು ಮತ್ತೆ ತೂಗಿ, ಎಷ್ಟು ಕಡಮೆಯಾಯಿತೆಂದು ಬರೆದಿಡಿ. ಅದೇ ಪುಡಿಯನ್ನು ಒಂದು ವಾರ ತೆರೆದ ತಟ್ಟೆಯಲ್ಲಿಟ್ಟು ಮೂರನೆಯ ಸಲ ತೂಗಿ ನೋಡಿ.