ಊರಿಗೊಂದೇ ಚಾನೆಲ್ ಇದ್ದ ಕಾಲ

ಆಸ್ಟ್ರೇಲಿಯಾದ ಟಿ.ವಿ. ಚರಿತ್ರೆ ಹೇಳುವವರು ಸಾಮಾನ್ಯವಾಗಿ ಎರಡು ಮಹಾನಗರಗಳಲ್ಲೇ ನಿಂತುಬಿಡುತ್ತಾರೆ. 1956ರ ಸೆಪ್ಟೆಂಬರ್ 16ರಂದು ಸಿಡ್ನಿಯ ಟಿಸಿಎನ್-9 ನಿಯಮಿತ ಪ್ರಸಾರ ಆರಂಭಿಸಿತು. ಎರಡೇ ತಿಂಗಳಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್ ಬಂತು. ನಿಜ, ಆದರೆ ಆ ದೇಶದ ಜನ ಟಿ.ವಿ.ಯೊಂದಿಗೆ ಹೇಗೆ ಬದುಕಿದರು ಎಂಬುದು ಗೊತ್ತಾಗಬೇಕಾದರೆ ಹಳೆಯ ಪತ್ರಿಕೆಗಳ 'ಇಂದಿನ ಟಿ.ವಿ.' ಪುಟ ತೆರೆದು ಸಣ್ಣ ಊರುಗಳ ಅಂಕಣ ಓದಬೇಕು.

ರಾಜ್ಯಗಳ ರಾಜಧಾನಿಗಳ ಆಚೆ ಮೊದಲ ವಾಣಿಜ್ಯ ಕೇಂದ್ರ ಹುಟ್ಟಿದ್ದು 1961ರ ಡಿಸೆಂಬರ್ 9ರಂದು, ವಿಕ್ಟೋರಿಯಾದ ಟ್ರಾರಾಲ್ಗನ್‌ನಲ್ಲಿ. ಅದರ ಹೆಸರು ಜಿಎಲ್‌ವಿ-10. ಮೊದಲೆರಡು ಅಕ್ಷರ ಗಿಪ್ಸ್‌ಲ್ಯಾಂಡ್ ಮತ್ತು ಲಾಟ್ರೋಬ್ ಕಣಿವೆಯದ್ದು, ಮೂರನೆಯದು ವಿಕ್ಟೋರಿಯಾದ್ದು, ಅಂಕೆ ಚಾನೆಲಿನದ್ದು. ದೇಶದ ಎಲ್ಲ ಕೇಂದ್ರಗಳಿಗೂ ಇಂಥದೇ ಹೆಸರು. ಹಾಗಾಗಿ ಪತ್ರಿಕೆಯ ಕಾರ್ಯಕ್ರಮ ಪಟ್ಟಿಯ ತಲೆಬರಹ ನೋಡಿದರೆ ಸಾಕು, ಕೇಂದ್ರ ಯಾವ ರಾಜ್ಯದ್ದೆಂದು ತಿಳಿಯುತ್ತದೆ. ಅದೇ ತಿಂಗಳು ಬೆಂಡಿಗೊ, ಶೆಪರ್ಟನ್. ಮರುವರ್ಷ ನ್ಯೂಕ್ಯಾಸಲ್, ವುಲ್ಲಂಗಾಂಗ್, ಆರೆಂಜ್, ಬಲ್ಲಾರಟ್, ಕ್ಯಾನ್‌ಬೆರಾ. 1971ರ ಹೊತ್ತಿಗೆ ಕ್ವೀನ್ಸ್‌ಲ್ಯಾಂಡಿನ ದೂರದ ಗಣಿ ಪಟ್ಟಣ ಮೌಂಟ್ ಐಸಾಕ್ಕೂ ಸ್ವಂತ ಕೇಂದ್ರ ಬಂತು.

ಒಂದು ಪ್ರದೇಶಕ್ಕೆ ಸರ್ಕಾರಿ ಎಬಿಸಿ, ಜೊತೆಗೆ ಒಂದೇ ಒಂದು ವಾಣಿಜ್ಯ ಚಾನೆಲ್. ಇದರಿಂದ ವಿಚಿತ್ರವಾದ, ನನಗೆ ತುಂಬ ಇಷ್ಟವಾದ ಒಂದು ವ್ಯವಸ್ಥೆ ರೂಪುಗೊಂಡಿತು. ಸಿಡ್ನಿಯಲ್ಲಿ ಸೆವೆನ್, ನೈನ್, ಟೆನ್ ಜಾಲಗಳು ಒಂದೇ ಗಂಟೆಗೆ ಪರಸ್ಪರ ಸೆಣಸುತ್ತಿದ್ದರೆ, ಸಣ್ಣ ಊರಿನ ಕೇಂದ್ರ ಮೂರೂ ಕಡೆಯಿಂದ ಬೇಕಾದ್ದನ್ನು ಕೊಂಡು ತನ್ನದೇ ಸಂಜೆಯನ್ನು ಕಟ್ಟುತ್ತಿತ್ತು. ನಗರದಲ್ಲಿ ಎದುರಾಳಿಗಳಾಗಿದ್ದ ಎರಡು ಧಾರಾವಾಹಿಗಳು ಇಲ್ಲಿ ಒಂದೇ ಪರದೆಯಲ್ಲಿ ಒಂದರ ಹಿಂದೊಂದು. ಪಕ್ಕದ ಜಿಲ್ಲೆಯ ಕೇಂದ್ರದವರ ಆಯ್ಕೆ ಬೇರೆ, ಅವರ ಪಟ್ಟಿಯೂ ಬೇರೆ. ಆ ಅಂಕಣಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಪ್ರತಿ ಊರಿನ ರುಚಿ ಕಾಣುತ್ತದೆ.

ಊರಿನವರೇ ಮಾಡಿದ ಕಾರ್ಯಕ್ರಮಗಳಂತೂ ಈ ಪಟ್ಟಿಗಳ ಜೀವಾಳ. ಬಲ್ಲಾರಟ್‌ನ ಬಿಟಿವಿ-6ರಲ್ಲಿ ಫ್ರೆಡ್ ಫಾರ್ಗರ್ ನಡೆಸಿಕೊಡುತ್ತಿದ್ದ 'ಸಿಕ್ಸ್ ಟುನೈಟ್' ಹಾಡು, ಹರಟೆಗಳ ಕಾರ್ಯಕ್ರಮ 1971ರಿಂದ 1983ರವರೆಗೆ ನಡೆಯಿತು. ಮಹಾನಗರದ ದುಡ್ಡಿಲ್ಲದೆ ಇಷ್ಟು ವರ್ಷ ಉಳಿದದ್ದು ದೊಡ್ಡ ಸಾಧನೆ. ನ್ಯೂಕ್ಯಾಸಲ್‌ನ ಎನ್‌ಬಿಎನ್-3ರಲ್ಲಿ ಸಂಜೆ ಏಳೂವರೆಗೆ 'ಬಿಗ್ ಡಾಗ್' ಎಂಬ ದೊಡ್ಡ ನಾಯಿಯ ವೇಷಧಾರಿ ಬಂದು ಮಕ್ಕಳಿಗೆ ಮಲಗುವ ಹೊತ್ತಾಯಿತೆಂದು ನೆನಪಿಸುತ್ತಿದ್ದ. ಆ ಸೀಮೆಯ ಎಷ್ಟೋ ಮನೆಗಳಲ್ಲಿ ಅದೇ ಗಡಿಯಾರ. 1989ರ ಡಿಸೆಂಬರ್ 28ರಂದು ಭೂಕಂಪಕ್ಕೆ 13 ಜನ ಬಲಿಯಾದಾಗಲೂ ನ್ಯೂಕ್ಯಾಸಲ್‌ಗೆ ಇದ್ದ ಸ್ವಂತ ವಾಣಿಜ್ಯ ಕೇಂದ್ರ ಇದೊಂದೇ.

ಈ ಏರ್ಪಾಟನ್ನು ಸರ್ಕಾರವೇ ಮುಗಿಸಿತು. ಹಳ್ಳಿಗಾಡಿನವರಿಗೂ ನಗರದವರಷ್ಟೇ ಆಯ್ಕೆ ಸಿಗಲೆಂದು ಹಲವು ಸಣ್ಣ ವಲಯಗಳನ್ನು ಸೇರಿಸಿ ದೊಡ್ಡವನ್ನಾಗಿ ಮಾಡಿ, ಒಂದೊಂದರಲ್ಲೂ ಮೂರು ವಾಣಿಜ್ಯ ಚಾನೆಲ್‌ಗಳಿಗೆ ಅವಕಾಶ ಕೊಟ್ಟಿತು. ಕ್ಯಾನ್‌ಬೆರಾ ಸೇರಿದ ದಕ್ಷಿಣ ನ್ಯೂ ಸೌತ್ ವೇಲ್ಸ್ ವಲಯದಲ್ಲಿ 1989ರ ಮಾರ್ಚ್ 31ರಂದು ಶುರುವಾದ ಬದಲಾವಣೆ 1992ರ ಜನವರಿಯಲ್ಲಿ ವಿಕ್ಟೋರಿಯಾ ತಲುಪಿತು. ಆಯ್ಕೆ ಹೆಚ್ಚಿತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಪ್ರತಿ ಕೇಂದ್ರವೂ ಒಂದೊಂದು ನಗರ ಜಾಲದ ಬಾಲವಾಯಿತು. ಊರಿನ ಸಂಜೆಯನ್ನು ಊರಿನಲ್ಲೇ ಕಟ್ಟುವ ಪದ್ಧತಿ ಹೋಯಿತು. ನನ್ನ ಮಟ್ಟಿಗೆ ಇದು ಲಾಭಕ್ಕಿಂತ ದೊಡ್ಡ ನಷ್ಟ. 2019ರಲ್ಲಿ ಪ್ರಾದೇಶಿಕ ಪ್ರಸಾರ ಸಂಸ್ಥೆ ವಿನ್ ಆರೆಂಜ್, ಡಬ್ಬೊ, ಆಲ್ಬರಿ, ವಾಗಾ ವಾಗಾಗಳ ಸುದ್ದಿಮನೆಗಳನ್ನೂ ಮುಚ್ಚಿತು.

ಊರಿಗೊಂದೇ ಚಾನೆಲ್ ಇದ್ದ ಆ ಕಾಲದಲ್ಲಿ ವಿಡಿಯೊ ಟೇಪ್ ದುಬಾರಿ. ಒಂದೇ ಟೇಪಿನ ಮೇಲೆ ಮತ್ತೆ ಮತ್ತೆ ಮುದ್ರಿಸಿ ಹಳೆಯದನ್ನು ಅಳಿಸುತ್ತಿದ್ದರು. ನೇರ ಪ್ರಸಾರವಂತೂ ಗಾಳಿಗೆ ಹೋಯಿತು. ಎಷ್ಟೋ ಕಾರ್ಯಕ್ರಮಗಳು ಇದ್ದವೆನ್ನಲು ಪತ್ರಿಕೆಯ ಪಟ್ಟಿಯಲ್ಲಿನ ಒಂದು ಸಾಲೇ ಉಳಿದ ಸಾಕ್ಷಿ. ಪಟ್ಟಿಗಳನ್ನು ಸಂಗ್ರಹಿಸುವವರನ್ನು ಕೆಲಸವಿಲ್ಲದವರೆಂದು ಯಾರೂ ಎಣಿಸಬಾರದು.

ಆಸಕ್ತಿ ಇದ್ದವರಿಗೆ ದಾರಿ ಸುಲಭ. ಆಸ್ಟ್ರೇಲಿಯಾ ರಾಷ್ಟ್ರೀಯ ಗ್ರಂಥಾಲಯದ 'ಟ್ರೋವ್' ಜಾಲತಾಣದಲ್ಲಿ 'ದಿ ಕ್ಯಾನ್‌ಬೆರಾ ಟೈಮ್ಸ್' ಪತ್ರಿಕೆಯ 1995ರವರೆಗಿನ ಸಂಚಿಕೆಗಳನ್ನು ಉಚಿತವಾಗಿ ಓದಬಹುದು. 1989ರ ಮಾರ್ಚ್ ಆರಂಭದ ಒಂದು ಟಿ.ವಿ. ಪುಟವನ್ನೂ ಏಪ್ರಿಲ್‌ನ ಒಂದನ್ನೂ ಅಕ್ಕಪಕ್ಕ ತೆರೆದು ನೋಡಿ.