ಆಟ ಕಲಿಸುವ ಮುನ್ನ ಆಟಗಾರನನ್ನು ಅರಿಯೋಣ

ಮಳೆಗಾಲ ಬಂತೆಂದರೆ ನಮ್ಮ ಕಾಸರಗೋಡಿನ ಕಡೆ ಶಾಲೆಯ ಮೈದಾನವೆಲ್ಲ ಕೆರೆಯಾಗುತ್ತದೆ. ಜೂನ್ ತಿಂಗಳಲ್ಲಿ ಶಾಲೆ ತೆರೆದಂದಿನಿಂದ ಆಟಿ ಕಳೆಯುವವರೆಗೂ ಕಬಡ್ಡಿಯೂ ಇಲ್ಲ, ವಾಲಿಬಾಲೂ ಇಲ್ಲ. ಇಂಥ ದಿನಗಳಲ್ಲಿ ಮಾಡಿನ ಕೆಳಗೆ ಆಡಬಹುದಾದ ಆಟವೊಂದು ಮಕ್ಕಳಿಗೆ ಬೇಕೆಂದು ಹಳೆ ವಿದ್ಯಾರ್ಥಿಗಳು ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಗೆ ಒಂದು ಟೇಬಲ್ ಟೆನಿಸ್ ಮೇಜನ್ನು ಕೊಡಿಸಿದರು. 2.74 ಮೀಟರ್ ಉದ್ದ, 1.525 ಮೀಟರ್ ಅಗಲ, 76 ಸೆಂಟಿಮೀಟರ್ ಎತ್ತರದ ಆ ಮೇಜು ಮಕ್ಕಳಿಗೆ ಆಟವನ್ನು ಕಲಿಸಿತು. ನಮಗೆ ಅಧ್ಯಾಪನದ ಪಾಠವೊಂದನ್ನು ಮತ್ತೊಮ್ಮೆ ಮೊದಲಿನಿಂದ ಕಲಿಸಿತು. ಆ ಪಾಠವನ್ನು ಓದುಗ ಬಂಧುಗಳೊಡನೆ, ವಿಶೇಷವಾಗಿ ಆಡುವ ಮಕ್ಕಳಿರುವ ತಾಯಿತಂದೆಯರೊಡನೆ, ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ನಮ್ಮಿಂದಾದ ಒಂದು ತಪ್ಪು

ಏಳನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮಿತಭಾಷಿ. ಮೇಜಿನಿಂದ ಎರಡು ಮಾರು ಹಿಂದೆ ನಿಂತು, ಎದುರಾಳಿ ಎಷ್ಟೇ ಜೋರಾಗಿ ಹೊಡೆದರೂ ಚೆಂಡಿನ ಅಡಿಯನ್ನು ಬ್ಯಾಟಿನಿಂದ ಮೆಲ್ಲನೆ ಸವರಿ ಮರಳಿ ಕಳುಹಿಸುವುದು ಅವನ ಕ್ರಮ. ಆಟಗಾರರು ಇದನ್ನು ಚಾಪ್ ಎನ್ನುತ್ತಾರೆ. ಹೀಗೆ ಆಡಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಅವನ ಸ್ವಭಾವದಿಂದಲೇ ಹುಟ್ಟಿದ ಆಟ.

ನಮಗಾದರೋ ಉಪಜಿಲ್ಲಾ ಕ್ರೀಡಾಕೂಟದಲ್ಲಿ ಶಾಲೆಗೊಂದು ಬಹುಮಾನ ಬರಬೇಕೆಂಬ ಹಂಬಲ. ಟೆಲಿವಿಷನ್ನಿನಲ್ಲಿ ಕಂಡ ಆಟಗಾರರೆಲ್ಲ ಮೇಜಿಗೆ ಅಂಟಿ ನಿಂತು ಸಿಡಿಲಿನಂತೆ ಹೊಡೆಯುತ್ತಿದ್ದರು. “ಹಿಂದೆ ನಿಲ್ಲುವುದು ಹೇಡಿಗಳ ಆಟ, ಮುಂದೆ ಬಾ, ಹೊಡೆ” ಎಂದು ಎರಡು ತಿಂಗಳ ಕಾಲ ಅವನನ್ನು ತಿದ್ದಿದೆವು. ಕೂಟದ ದಿನ ಎರಡು ಗೇಮುಗಳನ್ನು ಕಳೆದುಕೊಂಡು ಅವನು ನಮ್ಮ ಬಳಿಗೆ ಬಂದಾಗ ದೊರೆತ ಒಂದು ನಿಮಿಷವನ್ನು ನಾವೇ ಮಾತಿನಿಂದ ತುಂಬಿಸಿಬಿಟ್ಟೆವು. ನಾಲ್ಕು ಜನರ ಎದುರಿಗೆ ಗದರಿದೆವು. ಅವನು ತನ್ನ ಕಾಲಬೆರಳನ್ನೇ ನೋಡುತ್ತ ನಿಂತಿದ್ದ. ಮೂರನೆಯ ಗೇಮಿನಲ್ಲಿ ಅವನಿಗೆ ದೊರೆತದ್ದು ಎರಡೇ ಅಂಕ.

ಮರುದಿನದಿಂದ ಅವನು ಮೇಜಿನ ಹತ್ತಿರ ಸುಳಿಯಲಿಲ್ಲ. ಕೆಲವು ತಿಂಗಳ ಅನಂತರ ಬೇರೆ ಕೆಲಸದ ನಿಮಿತ್ತ ಅವರ ಮನೆಗೆ ಹೋದಾಗ ಅಡಿಕೆ ಅಂಗಳದ ಆಚೆ ಟಕ್ ಟಕ್ ಎಂಬ ಸದ್ದು ಕೇಳಿಸಿತು. ಹಟ್ಟಿಯ ಗೋಡೆಗೆ ಹಲಗೆಯ ತುಂಡೊಂದರಿಂದ ಚೆಂಡನ್ನು ಬಡಿಯುತ್ತ ಹುಡುಗ ಒಬ್ಬನೇ ಆಡುತ್ತಿದ್ದ. ಆಟವನ್ನು ಅವನು ಬಿಟ್ಟಿರಲಿಲ್ಲ, ಬಿಟ್ಟದ್ದು ನಮ್ಮನ್ನು! “ನಿನಗೆ ಹೇಗೆ ಆಡಿದರೆ ಖುಷಿ?” ಎಂದು ಮೊತ್ತಮೊದಲ ಬಾರಿಗೆ ಕೇಳಿದೆವು. “ಚೆಂಡು ನಿಲ್ಲದೆ ಹೋಗಿ ಬಂದು ಮಾಡಬೇಕು ಮಾಷ್ಟ್ರೇ, ಆಗ ಖುಷಿ” ಎಂದ. ಎರಡು ತಿಂಗಳಲ್ಲಿ ನಾವು ಕೇಳದೆ ಉಳಿದ ಪ್ರಶ್ನೆಯ ಉತ್ತರ ಅಷ್ಟೇ ಆಗಿತ್ತು.

ನಾವು ಹೇಡಿಗಳ ಆಟವೆಂದು ಜರೆದ ಅದೇ ಚಾಪ್ ಆಟವನ್ನು ಆಡಿ ದಕ್ಷಿಣ ಕೊರಿಯದ ಜೂ ಸೆ-ಹ್ಯುಕ್ 2003ರಲ್ಲಿ ಪ್ಯಾರಿಸಿನ ವಿಶ್ವ ಚಾಂಪಿಯನ್‌ಷಿಪ್ಪಿನ ಪುರುಷರ ಅಂತಿಮ ಪಂದ್ಯದವರೆಗೆ ಏರಿದ್ದನೆಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ತಿಳಿದಾಗ ನಾಚಿಕೆಯಾಯಿತು.

ತರಗತಿಯಲ್ಲಿ ಒಂದು ನೀತಿ, ಮೇಜಿನ ಬಳಿ ಇನ್ನೊಂದು

ವಿಚಿತ್ರವೆಂದರೆ, ಶಿಕ್ಷಕ ತರಬೇತಿಯ ಕಾಲದಲ್ಲಿ ನಾವೆಲ್ಲ ಶಿಶುಕೇಂದ್ರಿತ ಶಿಕ್ಷಣದ ಬಗೆಗೆ ಪುಟಗಟ್ಟಲೆ ಬರೆದವರೇ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ (1902–1987) ಮಾನಸಿಕ ಚಿಕಿತ್ಸೆಯಲ್ಲಿ ಚಿಕಿತ್ಸಕನಿಗಿಂತ ಸಹಾಯ ಬಯಸಿ ಬಂದ ವ್ಯಕ್ತಿಯೇ ಮುಖ್ಯನೆಂದು 1951ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದರು. 1969ರ ಇನ್ನೊಂದು ಗ್ರಂಥದಲ್ಲಿ ಆ ತತ್ತ್ವವನ್ನು ಶಿಕ್ಷಣಕ್ಕೂ ಅನ್ವಯಿಸಿದರು. ಕಲಿಸುವವನಲ್ಲಿ ಮೂರು ಗುಣಗಳಿರಬೇಕೆಂಬುದು ಅವರ ಮತ: ಸೋಗಿಲ್ಲದ ನಡತೆ, ಎದುರಿಗಿರುವವರನ್ನು ಇದ್ದಂತೆಯೇ ಸ್ವೀಕರಿಸುವ ಮನಸ್ಸು, ಅವರ ಕಣ್ಣಿನಿಂದ ಲೋಕವನ್ನು ಕಾಣುವ ಶಕ್ತಿ. ಇದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದ ನಾವು ಗಣಿತದ ತರಗತಿಯಲ್ಲಿ ಅಷ್ಟಿಷ್ಟು ಪಾಲಿಸಿರಬಹುದು. ಕೈಗೆ ಬ್ಯಾಟು ಬಂದೊಡನೆ ಮರೆತೆವು.

ಆಟದ ಕ್ಷೇತ್ರದಲ್ಲಿಯೂ ಈ ವಿಚಾರ ಹೊಸತಲ್ಲ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಬಂಕರ್ ಮತ್ತು ಥಾರ್ಪ್ ಎಂಬ ಇಬ್ಬರು ಅಧ್ಯಾಪಕರು 1982ರಲ್ಲಿ ಒಂದು ಕ್ರಮವನ್ನು ಮುಂದಿಟ್ಟರು. ಹೊಡೆತಗಳನ್ನು ಒಂದೊಂದಾಗಿ ಉರು ಹೊಡೆಸಿ ಕೊನೆಗೆ ಆಟಕ್ಕೆ ಬಿಡುವ ವಾಡಿಕೆಯನ್ನು ಅವರು ತಿರುಗಿಸಿದರು. ಮೊದಲು ಮಕ್ಕಳಿಗೆ ಸರಳಗೊಳಿಸಿದ ಆಟವನ್ನೇ ಆಡಲು ಕೊಡಬೇಕು. ಆಡುತ್ತ ಆಡುತ್ತ “ಇಲ್ಲಿ ನನಗೆ ಇಂಥ ಹೊಡೆತ ಬೇಕಿತ್ತು” ಎಂದು ಮಗುವಿಗೇ ಅನ್ನಿಸಿದಾಗ ಅದನ್ನು ಹೇಳಿಕೊಡಬೇಕು. ಹಸಿವಾದವನಿಗೆ ಉಣಬಡಿಸಿದಂತೆ ಇದು.

ನಮ್ಮ ಯಕ್ಷಗಾನದ ರಂಗಸ್ಥಳವನ್ನೇ ನೋಡಿ. ಹೆಜ್ಜೆಗಾರಿಕೆಯನ್ನು ಗುರು ಎಲ್ಲರಿಗೂ ಒಂದೇ ಬಗೆಯಲ್ಲಿ ಕಲಿಸಿದರೂ ಒಳ್ಳೆಯ ಭಾಗವತ ವೇಷಧಾರಿಯ ಉಸಿರನ್ನೂ ಅಂದಿನ ಹುಮ್ಮಸ್ಸನ್ನೂ ಗಮನಿಸಿಯೇ ಪದ ಎತ್ತುತ್ತಾನೆ. ನಡೆಸುವವನು ಅವನೇ ಆದರೂ ವೇಷಧಾರಿಯನ್ನು ಬಿಟ್ಟು ಓಡುವುದಿಲ್ಲ. ಆಟದ ತರಬೇತುದಾರನಿಗೂ ಈ ಮೇಲ್ಪಂಕ್ತಿ ಸಲ್ಲುತ್ತದೆ.

ಕಠಿಣ ಅಭ್ಯಾಸ ಬೇಡವೇ?

“ಹೀಗೆಲ್ಲ ಮುದ್ದು ಮಾಡಿದರೆ ಚಾಂಪಿಯನ್ನರು ಹುಟ್ಟುವರೇ?” ಎಂದು ಕೆಲವರು ಕೇಳಬಹುದು. ಗೌರವಕ್ಕೂ ಪರಿಶ್ರಮಕ್ಕೂ ವಿರೋಧವಿಲ್ಲ. ಜಪಾನಿನ ಇಚಿರೊ ಒಗಿಮುರ 1954 ಮತ್ತು 1956ರಲ್ಲಿ ವಿಶ್ವ ಚಾಂಪಿಯನ್ ಆದವರು. ಕಠಿಣ ಅಭ್ಯಾಸಕ್ಕೆ ಹೆಸರಾದವರು. ಮುಂದೆ ಅವರು ದೂರದ ಸ್ವೀಡನ್ನಿಗೆ ಹೋಗಿ ಅಲ್ಲಿನ ಆಟಗಾರರಿಗೆ ತರಬೇತಿ ನೀಡಿದರು. ಆ ಪುಟ್ಟ ದೇಶದ ಸ್ಟೆಲ್ಲನ್ ಬೆಂಗ್ಟ್‌ಸನ್ 1971ರಲ್ಲಿ ಜಪಾನಿನ ನಗೋಯಾದಲ್ಲಿಯೇ ವಿಶ್ವ ಚಾಂಪಿಯನ್ ಆದ. 1973ರಲ್ಲಿ ಸ್ವೀಡನ್ನಿನ ಪುರುಷರ ತಂಡ ವಿಶ್ವ ಪ್ರಶಸ್ತಿ ಗಳಿಸಿತು. 1989ರಲ್ಲಿ ಡಾರ್ಟ್‌ಮಂಡಿನಲ್ಲಿ ಅದೇ ದೇಶದ ಮುಂದಿನ ತಲೆಮಾರು ಬಲಿಷ್ಠ ಚೀನಾವನ್ನು 5–0ರಿಂದ ಸೋಲಿಸಿತು. ಆ ತಂಡದ ವಾಲ್ಡ್‌ನರ್, ಪೆರ್ಸನ್, ಆಪೆಲ್‌ಗ್ರೆನ್ ಇವರಲ್ಲಿ ಒಬ್ಬರ ಆಟ ಇನ್ನೊಬ್ಬರ ಆಟದಂತಿರಲಿಲ್ಲ. ಮೂವರೂ ಬೆವರು ಸುರಿಸಿದವರೇ. ಆದರೆ ಮೂವರನ್ನೂ ಒಂದೇ ಅಚ್ಚಿಗೆ ಒತ್ತಿರಲಿಲ್ಲ.

ಒಗಿಮುರ ಅವರ ಇನ್ನೊಂದು ಕಾರ್ಯವನ್ನು ಗಡಿನಾಡಿಗರಾದ ನಾವು ನೆನೆಯಲೇಬೇಕು. ಅಂತಾರಾಷ್ಟ್ರೀಯ ಟೇಬಲ್ ಟೆನಿಸ್ ಒಕ್ಕೂಟದ ಅಧ್ಯಕ್ಷರಾಗಿದ್ದಾಗ ಅವರು ಉತ್ತರ, ದಕ್ಷಿಣ ಕೊರಿಯಗಳನ್ನು ಒಪ್ಪಿಸಿ, 1991ರ ಚಿಬಾ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಒಂದೇ ತಂಡವಾಗಿ ಆಡಿಸಲು ಶ್ರಮಿಸಿದರು. ಆ ಕೂಡು ತಂಡದ ಮಹಿಳೆಯರು ಚೀನಾವನ್ನು ಸೋಲಿಸಿ ಚಿನ್ನ ಗೆದ್ದರು. ಗಡಿಯಾಚೆಗೂ ಮನುಷ್ಯನನ್ನೇ ಕಂಡ ಕ್ರೀಡಾಪಟು ಅವರು.

ನಮ್ಮ ದೇಶದ ಭಾವಿನಾ ಪಟೇಲರ ಉದಾಹರಣೆಯೂ ಉಂಟು. ಗುಜರಾತಿನ ಹಳ್ಳಿಯಲ್ಲಿ ಹುಟ್ಟಿ, ಶೈಶವದಲ್ಲಿಯೇ ಪೋಲಿಯೊ ಪೀಡಿತರಾದ ಈಕೆ ಗಾಲಿಕುರ್ಚಿಯಲ್ಲಿ ಕುಳಿತು ಆಡಿ 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸಿನಲ್ಲಿ ಬೆಳ್ಳಿಯ ಪದಕ ಗಳಿಸಿದರು. ಕಾಲ ಚಲನೆಯನ್ನೇ ಆಧರಿಸಿದ ಪಾಠ ಅವರಿಗೆ ಏನು ಪ್ರಯೋಜನ? ಇರುವ ದೇಹದಿಂದ, ಇರುವ ಶಕ್ತಿಯಿಂದ ಆಟವನ್ನು ಕಟ್ಟಬೇಕೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆಚರಣೆಯಲ್ಲಿ ಹೇಗೆ?

ನಮ್ಮ ಶಾಲೆಯಲ್ಲಿ ಈಗ ಪಾಲಿಸುತ್ತಿರುವ ಕೆಲವು ಕ್ರಮಗಳನ್ನು ಇಲ್ಲಿ ಹೇಳುತ್ತೇವೆ. ಇವಕ್ಕೆ ಹಣ ಬೇಕಿಲ್ಲ.

ಮೊದಲನೆಯದು, ಮಗುವಿನ ಎತ್ತರ. ಎರಡನೆಯ, ಮೂರನೆಯ ತರಗತಿಯ ಮಕ್ಕಳಿಗೆ ಮೇಜು ಎದೆಯವರೆಗೆ ಬರುತ್ತದೆ. ಅವರನ್ನು ಅಲ್ಲಿ ನಿಲ್ಲಿಸಿ ಹೊಡೆತ ಸರಿಯಿಲ್ಲವೆಂದು ಬೈಯುವುದು ಅನ್ಯಾಯ. ತಗ್ಗಾದ ಎರಡು ಬೆಂಚುಗಳನ್ನು ಜೋಡಿಸಿ ನಡುವೆ ಒಂದು ಕೋಲು ಅಡ್ಡವಿಟ್ಟರೆ ಅದೇ ಅವರ ಮೇಜು. ಚೆಂಡಿನ ತೂಕ 2.7 ಗ್ರಾಂ ಮಾತ್ರ. ಪುಟ್ಟ ಕೈಗೆ ಅದು ಹೊರೆಯಲ್ಲ.

ಎರಡನೆಯದು, ಒಂದು ದಿನಕ್ಕೆ ಒಂದೇ ತಿದ್ದುಪಡಿ. ಸರ್ವಿಸ್ ಮಾಡುವಾಗ ತೆರೆದ ಅಂಗೈಯಿಂದ ಚೆಂಡನ್ನು ಕನಿಷ್ಠ 16 ಸೆಂಟಿಮೀಟರ್ ಮೇಲಕ್ಕೆ ಎಸೆಯಬೇಕೆಂಬುದು ನಿಯಮ. ಅಂದು ಅದನ್ನು ಕಲಿಸುವುದಾದರೆ ಮೊಣಕೈ, ಕಾಲು, ಬ್ಯಾಟಿನ ಹಿಡಿತ ಎಲ್ಲವನ್ನೂ ಒಟ್ಟಿಗೆ ಎತ್ತಿಕೊಳ್ಳಬಾರದು.

ಮೂರನೆಯದು, ಹೇಳುವ ಮೊದಲು ಕೇಳುವುದು. “ಚೆಂಡು ನೆಟ್ಟಿಗೆ ಏಕೆ ಬಿತ್ತೆಂದು ನಿನಗನ್ನಿಸುತ್ತದೆ?” ಎಂದರೆ ಮಗು ಯೋಚಿಸುತ್ತದೆ. ಎಷ್ಟೋ ಸಲ ಅದರ ಉತ್ತರ ನಮ್ಮ ಉತ್ತರಕ್ಕಿಂತ ಸರಿಯಾಗಿರುತ್ತದೆ.

ನಾಲ್ಕನೆಯದು, ಪಂದ್ಯದ ನಡುವೆ ಮಿತವಾದ ಮಾತು. ಮೊದಲು ಗೇಮುಗಳ ಬಿಡುವಿನಲ್ಲಿ ಮಾತ್ರ ಸಲಹೆ ಕೊಡಬಹುದಿತ್ತು. 2016ರಲ್ಲಿ ನಿಯಮ ಬದಲಾಗಿ, ಚೆಂಡು ಆಟದಲ್ಲಿಲ್ಲದ ವೇಳೆಯಲ್ಲೂ ಸಲಹೆ ನೀಡಲು ಅವಕಾಶವಾಯಿತು. ಅವಕಾಶವಿದೆಯೆಂದು ಪ್ರತಿ ಅಂಕಕ್ಕೂ ಕೂಗುವುದು ತರವಲ್ಲ. ಮೊದಲು ನೀರು ಕುಡಿಯಲಿ, ಉಸಿರು ಹತೋಟಿಗೆ ಬರಲಿ. ಆಮೇಲೆ ಒಂದೇ ವಾಕ್ಯ.

ಐದನೆಯದು ಗಡಿನಾಡಿನವರಾದ ನಮಗೆ ಮುಖ್ಯವಾದುದು: ಭಾಷೆ. ನಮ್ಮ ಮಕ್ಕಳ ಮನೆಮಾತು ತುಳುವೋ ಕೊಂಕಣಿಯೋ ಕನ್ನಡವೋ ಇರುತ್ತದೆ. ಶಿಬಿರಕ್ಕೆ ಹೋದರೆ ಅಲ್ಲಿನ ಮಾತು ಮಲಯಾಳ. ಸೊಲ್ಲಾಪುರದ ಕನ್ನಡ ಮಗುವಿಗೆ ಮರಾಠಿ, ತಾಳವಾಡಿಯ ಮಗುವಿಗೆ ತಮಿಳು, ಆದವಾನಿಯ ಮಗುವಿಗೆ ತೆಲುಗು ಎದುರಾಗುತ್ತದೆ. ರಾಜ್ಯದ ಭಾಷೆಯನ್ನು ಮಕ್ಕಳು ಚೆನ್ನಾಗಿ ಕಲಿಯಲೇಬೇಕು. ಆದರೆ ಕಲಿಯುವ ತನಕ ಅರ್ಥವಾಗದ ಮಾತಿಗೆ ತಲೆಯಾಡಿಸಿ ಬರುವ ಮಗುವನ್ನು ದಡ್ಡನೆಂದು ಎಣಿಸಬಾರದು. ಶಿಬಿರಕ್ಕೆ ಕಳುಹಿಸುವಾಗ ಎರಡೂ ಭಾಷೆ ಬಲ್ಲ ಹಿರಿಯ ವಿದ್ಯಾರ್ಥಿಯೊಬ್ಬನನ್ನು ನಾವು ಜೊತೆಗೆ ಕಳುಹಿಸುತ್ತೇವೆ. ತರಬೇತುದಾರರೂ ಇದನ್ನು ಸಂತೋಷದಿಂದಲೇ ಒಪ್ಪಿದ್ದಾರೆ.

ತಾಯಿತಂದೆಯರಲ್ಲಿ ಒಂದು ಮಾತು. ಸೋತು ಮನೆಗೆ ಬಂದ ಮಗುವನ್ನು “ಎಷ್ಟು ಅಂಕ?” ಎಂದು ಬಾಗಿಲಲ್ಲೇ ವಿಚಾರಿಸಬೇಡಿ. ಊಟವಾಗಲಿ. ತಾನಾಗಿ ಹೇಳಿದರೆ ಕೇಳಿ. ಹೆಣ್ಣುಮಕ್ಕಳು ದೊಡ್ಡವರಾದೊಡನೆ ಆಟ ಬಿಡಿಸುವ ವಾಡಿಕೆಯೂ ನಿಲ್ಲಬೇಕು; ಕತ್ತಲಾಗುವ ಮುನ್ನ ಮನೆ ಸೇರುವಂತೆ ಅಭ್ಯಾಸದ ವೇಳೆಯನ್ನು ಇಟ್ಟುಕೊಳ್ಳುವ ಹೊಣೆ ಶಾಲೆಯದು.

ಬೆಂಗಳೂರಿನ ಅರ್ಚನಾ ಕಾಮತ್ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಭಾರತದ ಮಹಿಳಾ ತಂಡದೊಡನೆ ಎಂಟರ ಘಟ್ಟದವರೆಗೆ ಆಡಿದರು. ಜರ್ಮನಿಯ ಎದುರು ಅಂದು ಭಾರತಕ್ಕೆ ದೊರೆತ ಏಕೈಕ ಗೆಲುವು ಅವರದೇ. ಅದಾದ ಸ್ವಲ್ಪ ಕಾಲದಲ್ಲಿಯೇ ಅವರು ವೃತ್ತಿಪರ ಆಟವನ್ನು ಬದಿಗಿರಿಸಿ ಉನ್ನತ ವ್ಯಾಸಂಗಕ್ಕೆಂದು ಅಮೆರಿಕಕ್ಕೆ ತೆರಳಲು ನಿರ್ಧರಿಸಿದಾಗ ಹಲವರು ಹಳಹಳಿಸಿದರು. ಆಟಗಾರ್ತಿಯ ಬಾಳು ಆಟಕ್ಕಿಂತ ದೊಡ್ಡದು. ಅದನ್ನು ತೀರ್ಮಾನಿಸುವ ಹಕ್ಕು ಅವಳದೇ. ಆಟಗಾರರೇ ಮುಖ್ಯರೆಂದು ಬಾಯಲ್ಲಿ ಹೇಳುವವರು ಇಂಥ ನಿರ್ಧಾರವನ್ನೂ ಗೌರವಿಸಬೇಕಾಗುತ್ತದೆ.

ನಮ್ಮ ಆ ಹುಡುಗ ಮರುವರ್ಷ ಮೇಜಿಗೆ ಮರಳಿದ. ಆದರೆ ಕೂಟಕ್ಕೆ ಬರಲು ಕೊನೆಯವರೆಗೂ ಒಪ್ಪಲಿಲ್ಲ. ನಾವು ಒತ್ತಾಯಿಸಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಸಣ್ಣ ಮಕ್ಕಳೊಡನೆ ಚೆಂಡು ನಿಲ್ಲದಂತೆ ಆಡುತ್ತ, ಇಬ್ಬರೂ ಸೇರಿ ಎಷ್ಟು ಸಲ ದಾಟಿಸಿದೆವೆಂದು ಗಟ್ಟಿಯಾಗಿ ಎಣಿಸುತ್ತಿದ್ದ. ಅವನು ಶಾಲೆ ಬಿಟ್ಟು ವರ್ಷಗಳಾದರೂ ಆ ಎಣಿಕೆಯ ಆಟ ನಮ್ಮಲ್ಲಿ ಉಳಿದಿದೆ. ಅದಕ್ಕೆ ಬಹುಮಾನವಿಲ್ಲ. ಆದರೂ ಮಳೆಗಾಲದ ಮಧ್ಯಾಹ್ನಗಳಲ್ಲಿ ಆ ಮೇಜಿನ ಸುತ್ತ ಸರದಿಗಾಗಿ ಕಾಯುವ ಮಕ್ಕಳೇ ಹೆಚ್ಚು.